ಜನರದ್ದು ಹೆಬ್ಬೆಟ್ಟು, ಸರ್ಕಾರದ್ದು ಗುಟ್ಟು

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಸ್ಟುಡಿಯೊದವರು ಮದುವೆಯ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ದುಬೈಯಲ್ಲಿರುವ ಚಿಕ್ಕಪ್ಪ ನೋಡಲು ಕುಳಿತರೆ ಗಟ್ಟಿಮೇಳ ಕೇಳಿಸುತ್ತದೆ, ಮಾಂಗಲ್ಯಧಾರಣೆ ಕಾಣಿಸುತ್ತದೆ. ಆರತಕ್ಷತೆಗೆ ಹೆಣ್ಣು-ಗಂಡು ನಡೆದುಬರುವಲ್ಲಿ ಮಾತ್ರ ಸದ್ದೇ ಇಲ್ಲ. ಅಲ್ಲಿ ಸಿನಿಮಾ ಹಾಡಿತ್ತು. ಏಕೆ ಹೀಗಾಯಿತು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ಗೌರ್ಮೆಂಟ್‌ನೋರು ಕಟ್ ಮಾಡ್ಬಿಟ್ರು ಸಾರ್.’

ಇದು ಸರ್ಕಾರದ ಕೆಲಸವಲ್ಲ. ಮದುವೆಯ ಸಂಭ್ರಮದಲ್ಲಿ ಹಾಡು ಹಾಕುವುದು ಉಲ್ಲಂಘನೆಯಲ್ಲ ಎಂದು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ನೇ ಹೇಳುತ್ತದೆ. ಅದೇ ಹಾಡು ಅಂತರ್ಜಾಲಕ್ಕೆ ಏರಿದರೆ ಲೆಕ್ಕ ಬೇರೆ. ಅಲ್ಲಿ ಕಂಪನಿಯ ಯಂತ್ರ ಹಾಡನ್ನು ಗುರುತಿಸಿ ತಾನೇ ಸದ್ದಡಗಿಸುತ್ತದೆ. ಆದರೂ ಜನರ ಬೆರಳು ಸರ್ಕಾರದತ್ತಲೇ ತಿರುಗುತ್ತದೆ. ಅಂತರ್ಜಾಲದಲ್ಲಿ ಏನಾದರೂ ಮಾಯವಾದಾಗ ಅಳಿಸಿದ್ದು ನ್ಯಾಯಾಲಯವೇ, ಪೊಲೀಸರೇ, ಸಚಿವಾಲಯವೇ, ಕಂಪನಿಯೇ ಎಂದು ತಿಳಿಯುವ ದಾರಿ ಸಾಮಾನ್ಯ ನೋಡುಗನಿಗೆ ಸುಲಭವಾಗಿ ಸಿಗದು. ಅಳಿಸಿದ ಕೈ ಕಾಣದಿದ್ದರೆ ಅನುಮಾನ ಎಲ್ಲಕ್ಕಿಂತ ಉದ್ದನೆಯ ಕೈಯ ಮೇಲೆ ಬೀಳುತ್ತದೆ.

ಒಂದು ಹಾಡಿಗಾಗಿ ಎಷ್ಟು ದೊಡ್ಡ ಕತ್ತರಿ ಬೀಳಬಹುದು ಎಂಬುದಕ್ಕೆ ಈ ಊರಿನ ಹೆಸರು ಹೊತ್ತ ಸಿನಿಮಾದ ಹಾಡೇ ನಿದರ್ಶನ. ಕಾಂಗ್ರೆಸ್ಸಿನ ಭಾರತ ಜೋಡೊ ಯಾತ್ರೆಯ ವಿಡಿಯೊಗಳಲ್ಲಿ ‘ಕೆಜಿಎಫ್ ಚಾಪ್ಟರ್ 2’ರ ಹಾಡು ಬಳಸಲಾಗಿದೆ ಎಂದು ಎಂಆರ್‌ಟಿ ಮ್ಯೂಸಿಕ್ ಸಂಸ್ಥೆ ದಾವೆ ಹೂಡಿತು. 2022ರ ನವೆಂಬರ್ 7ರಂದು ಬೆಂಗಳೂರಿನ ವಾಣಿಜ್ಯ ನ್ಯಾಯಾಲಯ ಎದುರು ಪಕ್ಷದ ವಾದ ಕೇಳುವ ಮೊದಲೇ ಕಾಂಗ್ರೆಸ್ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ತಾತ್ಕಾಲಿಕವಾಗಿ ತಡೆಹಿಡಿಯಲು ಆದೇಶಿಸಿತು. ಆಕ್ಷೇಪ ಇದ್ದದ್ದು ಕೆಲವು ತುಣುಕುಗಳಿಗೆ, ಬೀಗ ಹಾಕಲು ಹೊರಟದ್ದು ಇಡೀ ಖಾತೆಗೆ. ಮರುದಿನವೇ ಹೈಕೋರ್ಟ್, ತುಣುಕುಗಳನ್ನು ತೆಗೆಯಬೇಕೆಂಬ ಷರತ್ತಿನೊಂದಿಗೆ ಆ ಆದೇಶವನ್ನು ರದ್ದು ಮಾಡಿತು. ಹಾಡಿನ ಒಡೆತನದ ದೂರನ್ನು ಅದು ಹಗುರವಾಗಿ ನೋಡಲಿಲ್ಲ. 2023ರ ಜೂನ್‌ನಲ್ಲಿ ಕಾಂಗ್ರೆಸ್ ನಾಯಕರ ವಿರುದ್ಧ ಇದೇ ದೂರಿನ ಮೇಲೆ ದಾಖಲಾಗಿದ್ದ ಎಫ್‌ಐಆರ್ ರದ್ದುಪಡಿಸಲು ನಿರಾಕರಿಸಿತು.

ಹಾಡು ಕಟ್ಟಿದವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು. ಸಿನಿಮಾ ಬಿಡುಗಡೆಯಾದ ಸಂಜೆಯೇ ಕಳ್ಳಪ್ರತಿ ಟೆಲಿಗ್ರಾಮಿನಲ್ಲಿ ಹರಿದಾಡಿದರೆ ಲೈಟ್‌ಬಾಯ್‌ನಿಂದ ಟಾಕೀಸಿನ ಗೇಟ್‌ಕೀಪರ್‌ವರೆಗೆ ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತದೆ. ಆದರೆ ಒಂದೇ ದಿನದಲ್ಲಿ ಹೈಕೋರ್ಟ್ ಮೆಟ್ಟಿಲು ಹತ್ತುವ ಶಕ್ತಿ ರಾಷ್ಟ್ರೀಯ ಪಕ್ಷಕ್ಕಿದೆ. ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಕೊಡುತ್ತಿದ್ದ ಬಂಗಾರಪೇಟೆಯ ಮೊಬೈಲ್ ಅಂಗಡಿಯವನಿಗೆ ಎಲ್ಲಿದೆ? ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಅಡಿಯ ಅಪರಾಧಕ್ಕೆ ಠಾಣೆಯಲ್ಲಿ ಜಾಮೀನು ಸಿಗದು ಎಂಬುದು 2022ರ ಸುಪ್ರೀಂ ಕೋರ್ಟ್ ತೀರ್ಪಿನ ಫಲ. ಹಣ ಮಾಡಲು ಕೃತಿಸ್ವಾಮ್ಯ ಮುರಿಯುವವರನ್ನು ‘ಡಿಜಿಟಲ್ ಅಪರಾಧಿ’ಗಳೆಂದು ಕರೆದು ಗೂಂಡಾ ಕಾಯ್ದೆಯೊಳಗೆ ಸೇರಿಸಿದ್ದು 2014ರಲ್ಲಿ ನಮ್ಮದೇ ವಿಧಾನಮಂಡಲ. ಆ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು.

ಕೇಂದ್ರದ ನಡೆ ಇನ್ನೂ ಗುಟ್ಟಿನದು. ಅಂತರ್ಜಾಲದ ವಿಷಯ ತಡೆಯಲು ಅಧಿಕಾರ ಕೊಡುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2015ರಲ್ಲಿ ಎತ್ತಿಹಿಡಿದದ್ದು, ಲಿಖಿತ ಕಾರಣ ಮತ್ತು ಸಮಿತಿಯ ಪರಿಶೀಲನೆ ಇದೆ ಎಂಬ ಭರವಸೆಯ ಮೇಲೆ. ಆದರೆ ಅದರಡಿ ಬಂದ 2009ರ ನಿಯಮಾವಳಿಯ 16ನೇ ನಿಯಮ ಎಲ್ಲವನ್ನೂ ಗೋಪ್ಯವಾಗಿಡಬೇಕು ಎನ್ನುತ್ತದೆ. ನಿರ್ಬಂಧಗಳನ್ನು ಪ್ರಶ್ನಿಸಿದ ಟ್ವಿಟರ್‌ಗೆ ಕರ್ನಾಟಕ ಹೈಕೋರ್ಟ್ 2023ರಲ್ಲಿ 50 ಲಕ್ಷ ರೂಪಾಯಿ ದಂಡ ವಿಧಿಸಿತು. 2024ರಲ್ಲಿ ಬಂದ ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ಮೂಲಕ ಆ ಸಮಿತಿಯ ಮುಂದೆ ಹೋಗದೆಯೇ ವಿಷಯ ತೆಗೆಯುವಂತೆ ಸೂಚಿಸಬಹುದು. ಅದರ ವಿರುದ್ಧ ಎಕ್ಸ್ (ಹಿಂದಿನ ಟ್ವಿಟರ್) ಸಂಸ್ಥೆ ಅದೇ ಹೈಕೋರ್ಟಿಗೆ ಸಲ್ಲಿಸಿದ್ದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ವಜಾ ಆಯಿತು. ಮಕ್ಕಳನ್ನು ಹಿಂಸಿಸುವ ವಿಡಿಯೊ, ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಗಳಿಗೆ ತುರ್ತು ಕ್ರಮ ಬೇಕೆಂಬುದು ನಿಜ. ಅನಂತರ ತಿದ್ದಿದ ನಿಯಮಗಳು ಇಂಥ ಸೂಚನೆಯನ್ನು ಹಿರಿಯ ಅಧಿಕಾರಿಗಳೇ ಕಾರಣ ಸಹಿತ ಕೊಡಬೇಕು ಎಂದಿರುವುದು ಒಳ್ಳೆಯದೇ. ಆದರೆ ಆ ಕಾರಣ ತಲುಪುವುದು ಕಂಪನಿಗೆ. ಬರೆದವನಿಗೂ ಇಲ್ಲ, ಓದುಗನಿಗೂ ಇಲ್ಲ.

ಇದು ಒಂದು ಪಕ್ಷದ ಕಾಯಿಲೆಯೂ ಅಲ್ಲ. 2022ರಲ್ಲಿ ಖಾತೆ ಕಳೆದುಕೊಳ್ಳುವ ಸ್ಥಿತಿಗೆ ಬಂದಿದ್ದ ಕಾಂಗ್ರೆಸ್ಸೇ ರಾಜ್ಯದಲ್ಲಿ ಅಧಿಕಾರದಲ್ಲಿದ್ದಾಗ, 2025ರ ಜೂನ್‌ನಲ್ಲಿ, ಸುಳ್ಳು ಸುದ್ದಿಗೆ 7 ವರ್ಷದವರೆಗೆ ಜೈಲು ಎನ್ನುವ ಮಸೂದೆಯ ಕರಡು ಹೊರಬಂತು. ಕುರ್ಚಿಯಲ್ಲಿ ಯಾರೇ ಕುಳಿತರೂ ಕೈ ಅದೇ ಕತ್ತರಿಗೆ ಹೋಗುತ್ತದೆ.

ಕೆಜಿಎಫ್‌ಗೆ ಕಾಣದ ಕೈಯ ಮೇಲಿನ ಈ ಅನುಮಾನ ಹೊಸದಲ್ಲ. 1930ರಲ್ಲಿ ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಸೇರಿದಂತೆ ಇಲ್ಲಿನ ಗಣಿಗಳ ಆಡಳಿತ, ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಹೊರಟಿತು. ಸಂಘವಿಲ್ಲದ, ಬಹುಪಾಲು ದಲಿತ ತಮಿಳರಾಗಿದ್ದ ಸಾವಿರಾರು ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಆ ನೋಂದಣಿ ಪುಸ್ತಕ ಆಡಳಿತದ ಕೈಲಿರುತ್ತದೆ, ಒಂದು ಗಣಿಯಲ್ಲಿ ಬೇಡವಾದವನಿಗೆ ಉಳಿದ ಗಣಿಗಳ ಬಾಗಿಲೂ ಮುಚ್ಚುತ್ತದೆ ಎಂಬುದು ಅವರ ಅಂಜಿಕೆ. ಅವರು ಸೆಟೆದು ನಿಂತದ್ದು ತಮ್ಮ ಗುರುತನ್ನೆಲ್ಲ ಕೇಳುತ್ತ, ತನ್ನ ಲೆಕ್ಕವನ್ನು ಎಂದೂ ತೋರಿಸದ ಆಡಳಿತದ ಎದುರು.

ಇಂದು ಅವರ ಮೊಮ್ಮಕ್ಕಳು ಮಾರಿಕುಪ್ಪಂನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಸಿಮ್ ಕಾರ್ಡಿಗೆ ಗುರುತು ಕೊಡಬೇಕು, ಪಡಿತರಕ್ಕೆ ಹೆಬ್ಬೆಟ್ಟು ಒತ್ತಬೇಕು. ಅವರು ಕೈಯಲ್ಲಿ ಹಿಡಿದ ಫೋನಿನಿಂದ ಒಂದು ವಿಡಿಯೊ ತೆಗೆದುಹಾಕುವ ಆದೇಶಕ್ಕೆ ಮಾತ್ರ ಕಣ್ಣಿಗೆ ಕಾಣುವ ರುಜು ಬೇಡವೇ?

ಪರಿಹಾರ ಕಷ್ಟದ್ದಲ್ಲ. ಇಂಟರ್ನೆಟ್ ಸ್ಥಗಿತದ ಆದೇಶಗಳನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಒಂದೊಂದು ಪುಟ, ಒಂದೊಂದು ಖಾತೆ ತಡೆಯುವ ಆದೇಶಕ್ಕೂ ಅದೇ ನಿಯಮ ಬರಲಿ. ಕಾನೂನಿನ ಕಾರಣಕ್ಕೆ ಪುಟ ಸಿಗದಿದ್ದರೆ ತೋರಿಸಲೆಂದೇ 451 ಎಂಬ ಸಂಕೇತ ಅಂತರ್ಜಾಲದಲ್ಲಿದೆ. ಅದರ ಜೊತೆ ಆದೇಶಿಸಿದ ಕಚೇರಿ, ದಿನಾಂಕ, ಸೆಕ್ಷನ್ ಮತ್ತು ಮೇಲ್ಮನವಿಯ ವಿಳಾಸ ಕನ್ನಡದಲ್ಲಿ ಕಾಣಲಿ. ತಪ್ಪಿರುವ ತುಣುಕಿಗಷ್ಟೇ ಕತ್ತರಿ ಬೀಳಲಿ. ತುರ್ತಿನಲ್ಲಿ ಮೊದಲು ತೆಗೆದರೂ, ಆಮೇಲಾದರೂ ಬರೆದವನ ಮಾತು ಕೇಳಲಿ.

ಆಗ ಸ್ಟುಡಿಯೊದವನಿಗೆ ತನ್ನ ಹಾಡು ಅಡಗಿಸಿದ್ದು ಸರ್ಕಾರವಲ್ಲ ಎಂದು ತಿಳಿಯುತ್ತದೆ, ಮಾಡದ ತಪ್ಪಿಗೆ ಸರ್ಕಾರ ಬೈಸಿಕೊಳ್ಳುವುದೂ ತಪ್ಪುತ್ತದೆ. ನಂಬಿಕೆ ಬೇಕಿದ್ದರೆ ಸರ್ಕಾರ ತಾನು ಹೊರಡಿಸುವ ಆದೇಶದ ಕೆಳಗೆ ತನ್ನ ಹೆಬ್ಬೆಟ್ಟನ್ನೂ ಎಲ್ಲರಿಗೆ ಕಾಣುವಂತೆ ಒತ್ತಲಿ.