ಯೋಗಕ್ಕಿಂತ ಕ್ಷೇಮ ಹಿರಿದು

ಯೋಗಕ್ಷೇಮವೆಂಬುದು ಕನ್ನಡಿಗರ ನಾಲಗೆಯ ಮೇಲೆ ದಿನವೂ ಹೊರಳುವ ಮಾತು. ಊರಿನಿಂದ ಬಂದವರನ್ನು ಮೊದಲು ವಿಚಾರಿಸುವುದು ಅದನ್ನೇ. ಕಾಗದ ಬರೆಯುವ ರೂಢಿಯಿದ್ದ ಕಾಲದಲ್ಲಿ ಮೊದಲ ಸಾಲಿನಲ್ಲಿ ಬರುತ್ತಿದ್ದುದೂ ಅದೇ. ಬಳಕೆಯಲ್ಲಿ ಸವೆದು ಒಂದೇ ಪದದಂತೆ ಕೇಳಿಸುವ ಈ ಸಮಾಸವನ್ನು ಬಿಡಿಸಿ ನೋಡಿದರೆ ಎರಡು ಬೇರೆ ಬೇರೆ ಅರ್ಥಗಳು ತೋರುತ್ತವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಯ್ದುಕೊಳ್ಳುವುದು ಕ್ಷೇಮ. ಒಂದಿಲ್ಲದೆ ಇನ್ನೊಂದು ನಿಲ್ಲದು ಎಂಬ ತಿಳಿವಿನಿಂದಲೇ ಹಿಂದಿನವರು ಇವೆರಡನ್ನೂ ಒಂದೇ ಹುರಿಯಲ್ಲಿ ಹೊಸೆದರು. ಆದರೆ ಲೋಕದ ನಡೆಯಲ್ಲಿ ಯೋಗಕ್ಕೆ ದೊರೆಯುವ ಮನ್ನಣೆ ಕ್ಷೇಮಕ್ಕೆ ದೊರೆಯುತ್ತಿಲ್ಲ. ಶಂಕುಸ್ಥಾಪನೆಗೆ ಮೇಳವುಂಟು, ಉದ್ಘಾಟನೆಗೆ ತೋರಣವುಂಟು. ಮೂವತ್ತು ವರ್ಷ ಹಳೆಯದಾದ ವಿದ್ಯುತ್ ತಂತಿಯನ್ನು ಬದಲಾಯಿಸಿದ ದಿನ ಯಾರೂ ದೀಪ ಬೆಳಗುವುದಿಲ್ಲ. ಈ ತಾರತಮ್ಯ ಎಷ್ಟು ದುಬಾರಿಯಾಗಬಲ್ಲದೆಂಬುದಕ್ಕೆ ಹಳೆಯ ಕೆರೆಯೊಂದೂ ಹೊಸ ವಿಜ್ಞಾನದ ಮಹಾಯಂತ್ರವೊಂದೂ ಸಮಾನವಾಗಿ ಸಾಕ್ಷಿ ನುಡಿಯುತ್ತವೆ.

ಕುಣಿಗಲ್ ಸೀಮೆಯವರಿಗೆ ಕೆರೆಯ ಅಂಗಾಂಗಗಳನ್ನು ವಿವರಿಸಬೇಕಾದ ಅಗತ್ಯವಿಲ್ಲ. ಏರಿ ನೀರನ್ನು ಹಿಡಿದು ನಿಲ್ಲಿಸುತ್ತದೆ, ತೂಬು ಗದ್ದೆಗೆ ನೀರನ್ನು ಬಿಡುತ್ತದೆ, ಕೋಡಿ ಹೆಚ್ಚಾದುದನ್ನು ಹೊರಗೆ ಹಾಕುತ್ತದೆ. ಈ ಮೂರರಲ್ಲಿ ಬೆಳೆ ಕೊಡುವುದು ತೂಬು. ಹೆಸರು ತರುವುದು ಏರಿ. ಕೋಡಿಯಾದರೋ ವರ್ಷದ ಬಹುಪಾಲು ಒಣಗಿ ನಿಂತಿರುತ್ತದೆ. ಆದರೂ ಕೋಡಿಯಿಲ್ಲದ ಕೆರೆಯನ್ನು ಕಟ್ಟುವ ಸಾಹಸವನ್ನು ಹಿಂದಿನ ಯಾವ ಒಡ್ಡನೂ ಮಾಡಲಿಲ್ಲ. ನೂರು ದಿನ ಸುಮ್ಮನಿದ್ದು ಒಂದು ರಾತ್ರಿ ಕೆಲಸ ಮಾಡುವ ಆ ಕೋಡಿಯಿಂದಲೇ ಕೆರೆಯ ಕೆಳಗಿನ ಊರು ಬದುಕುತ್ತದೆ. ಅದರ ಬಾಯಲ್ಲಿ ಬೆಳೆದ ಗಿಡಗಂಟಿಗಳನ್ನು ತೆಗೆಯುವುದು, ತೂಬಿನ ಹೂಳನ್ನು ನೋಡಿಕೊಳ್ಳುವುದು, ಏರಿಯಲ್ಲಿ ಇಲಿ ಹೆಗ್ಗಣಗಳು ಕೊರೆದ ಬಿಲವನ್ನು ಮುಚ್ಚುವುದು, ಇವೆಲ್ಲ ನೀರಗಂಟಿಯ ಪಾಲಿನ ಕೆಲಸ. ಅರಸರ ಕಾಲದಲ್ಲಿ ಆ ಸೇವೆಗೆಂದು ಭೂಮಿಯನ್ನು ಬಿಟ್ಟಿದ್ದರು. ಅಂದರೆ ಕ್ಷೇಮಕ್ಕೂ ಒಂದು ಆದಾಯವನ್ನು ಗೊತ್ತುಮಾಡಿದ್ದರು. ಇದು ಮರೆಯತಕ್ಕ ವಿಷಯವಲ್ಲ.

ಇದೇ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಅಡ್ಡಲಾಗಿ ಮೈಸೂರು ಅರಸರ ಆಳ್ವಿಕೆಯಲ್ಲಿ ಕಟ್ಟಿದ ಜಲಾಶಯವು ಕೋಡಿಯ ಈ ತತ್ತ್ವವನ್ನು ಇನ್ನೂ ಒಂದು ಹೆಜ್ಜೆ ಮುಂದಕ್ಕೊಯ್ದಿತು. ಅಲ್ಲಿಯ ಸ್ವಯಂಚಾಲಿತ ಸೈಫನ್ ವ್ಯವಸ್ಥೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ನೀರು ನಿಯತ ಮಟ್ಟವನ್ನು ಮೀರಿದೊಡನೆ ಸೈಫನ್ನಿನ ಬಾಗುಕೊಳವೆ ತುಂಬಿಕೊಂಡು, ಯಾರ ಅಪ್ಪಣೆಗೂ ಕಾಯದೆ ಹೆಚ್ಚುವರಿ ನೀರನ್ನು ಸೆಳೆದು ಹೊರಚೆಲ್ಲುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕೊಡನೆ ತಾನಾಗಿಯೇ ನಿಲ್ಲುತ್ತದೆ. ನಡುರಾತ್ರಿಯ ಪ್ರವಾಹಕ್ಕೆ ಕಾವಲುಗಾರನು ಎದ್ದಿರಲಿ, ಮಲಗಿರಲಿ, ಅಣೆಕಟ್ಟೆಗೆ ಭಂಗವಿಲ್ಲ. ಅಪಾಯವು ತಾನೇ ತನ್ನ ಪರಿಹಾರವನ್ನು ಎಬ್ಬಿಸುವಂತೆ ಮಾಡಿದ ಆ ಜಾಣ್ಮೆಗೆ ತಲೆದೂಗಬೇಕು.

ಇಂಜಿನಿಯರುಗಳು ಇಂಟರ್‌ಲಾಕ್ ಎಂದು ಕರೆಯುವ ವ್ಯವಸ್ಥೆಯ ತಿರುಳೂ ಇದೇ. ಒಂದು ಕಟ್ಟಳೆ ನೆರವೇರದೆ ಇನ್ನೊಂದು ಕ್ರಿಯೆ ನಡೆಯದಂತೆ ಎರಡನ್ನೂ ಒಂದಕ್ಕೊಂದು ಕೊಂಡಿ ಹಾಕುವುದು. 2017ರಿಂದ ಕುಣಿಗಲ್ ಮಾರ್ಗವಾಗಿ ಓಡುತ್ತಿರುವ ರೈಲಿಗೂ ಇಂಥ ಕೊಂಡಿಗಳೇ ರಕ್ಷೆ. ಹಳಿಯ ದಾರಿ ಸರಿಯಾಗಿ ಕೂಡಿ ಬೀಗ ಬೀಳದೆ ಹಸಿರು ದೀಪ ಹತ್ತದು. ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ರೋಗಿಗೆ ಕಿರಣ ಕೊಡುವ ಯಂತ್ರದ ಕೋಣೆಯ ಬಾಗಿಲು ತೆರೆದರೆ ಕಿರಣ ತಟಕ್ಕನೆ ನಿಲ್ಲುತ್ತದೆ. ಆ ಯಂತ್ರವೂ ಒಂದು ಚಿಕ್ಕ ಕಣವೇಗವರ್ಧಕವೇ.

ಈ ಬಗೆಯ ಯಂತ್ರಗಳಲ್ಲಿ ಬೃಹತ್ತಾದವುಗಳು ಸ್ವಿಟ್ಜರ್‌ಲೆಂಡಿನ ಜಿನೀವಾ ನಗರದ ಬಳಿ ಸರ್ನ್ ಸಂಸ್ಥೆಯಲ್ಲಿವೆ. ಅಲ್ಲಿಯ ಪ್ರೋಟಾನ್ ಸಿಂಕ್ರೋಟ್ರಾನ್ 1959ರಲ್ಲಿ ಕೆಲಸ ತೊಡಗಿತು. ಸೂಪರ್ ಪ್ರೋಟಾನ್ ಸಿಂಕ್ರೋಟ್ರಾನ್ 1976ರಲ್ಲಿ. ಗಾಳಿಯನ್ನು ತೆಗೆದ ಕೊಳವೆಯೊಳಗೆ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡುವ ಕಣಗಳನ್ನು ವರ್ತುಲದ ದಾರಿಯಲ್ಲಿ ಬಾಗಿಸಿ ಹಿಡಿಯುವವು ವಿದ್ಯುತ್ಕಾಂತಗಳು. ತಾಮ್ರದ ಸುರುಳಿಯಲ್ಲಿ ಸಾವಿರಾರು ಆಂಪಿಯರ್ ವಿದ್ಯುತ್ತು ಹರಿಯುವುದರಿಂದ ಸುರುಳಿ ಕಾಯುತ್ತದೆ. ಅದನ್ನು ತಣಿಸಲು ತಾಮ್ರದ ಒಡಲಿನಲ್ಲೇ ರಂಧ್ರವಿರಿಸಿ ನೀರನ್ನು ಹರಿಸುತ್ತಾರೆ. ಎಲ್ಲಿಯಾದರೂ ನೀರು ಕಟ್ಟಿಕೊಂಡರೆ ಸ್ವಲ್ಪ ಹೊತ್ತಿನಲ್ಲಿಯೇ ಸುರುಳಿಯ ಹೊದಿಕೆ ಕರಗಿ, ಬಹು ಬೆಲೆಯ ಕಾಂತ ಸುಟ್ಟುಹೋದೀತು. ಆದಕಾರಣ ಸುರುಳಿಗಳ ಮೇಲೆ ಶಾಖವನ್ನರಿಯುವ ಪುಟ್ಟ ಸ್ವಿಚ್ಚುಗಳನ್ನೂ ಕೊಳವೆಗಳಲ್ಲಿ ನೀರಿನ ಹರಿವನ್ನು ಅಳೆಯುವ ಸಾಧನಗಳನ್ನೂ ಇರಿಸಿ, ಅವುಗಳಲ್ಲಿ ಒಂದು ಮುನಿದರೂ ವಿದ್ಯುತ್ತು ನಿಲ್ಲುವಂತೆ ಕೊಂಡಿ ಹಾಕಿರುತ್ತಾರೆ. ಕಾವಲಿನ ತಂತಿಯೇ ತುಂಡಾದರೂ ಯಂತ್ರ ನಿಲ್ಲಬೇಕು, ಓಡಬಾರದು ಎಂಬುದು ಇಲ್ಲಿಯ ಮೂಲ ಸೂತ್ರ. ಕಾವಲುಗಾರನ ಮೌನವನ್ನು ಕ್ಷೇಮವೆಂದು ಎಣಿಸದೆ ಅಪಾಯವೆಂದೇ ಎಣಿಸುವ ವಿವೇಕವದು.

ಇಂಥ ಕಾವಲಿಗೂ ಮುಪ್ಪುಂಟು. ದಶಕಗಳು ಕಳೆದಂತೆ ರಿಲೇಗಳ ಸಂಪರ್ಕಬಿಂದುಗಳು ಕಿಲುಬು ಹಿಡಿಯುತ್ತವೆ, ತಂತಿಯ ಹೊದಿಕೆ ವಿಕಿರಣಕ್ಕೆ ಸಿಕ್ಕಿ ಪುಡಿಪುಡಿಯಾಗುತ್ತದೆ, ಬಿಡಿಭಾಗಗಳನ್ನು ಮಾಡುವ ಕಾರ್ಖಾನೆಗಳೇ ಇಲ್ಲವಾಗುತ್ತವೆ, ನಕ್ಷೆಯ ಒಳಗುಟ್ಟನ್ನು ಬಲ್ಲವರು ನಿವೃತ್ತರಾಗುತ್ತಾರೆ. ಆದುದರಿಂದ ಸರ್ನ್‌ನವರು ಯಂತ್ರಗಳನ್ನು ವರ್ಷಗಟ್ಟಲೆ ನಿಲ್ಲಿಸುವ ದೀರ್ಘ ವಿರಾಮಗಳಲ್ಲಿ ಹಳೆಯ ವೇಗವರ್ಧಕಗಳ ಕಾಂತರಕ್ಷಣಾ ವ್ಯವಸ್ಥೆಯನ್ನು ಒಂದೊಂದಾಗಿ ಜೀರ್ಣೋದ್ಧಾರ ಮಾಡುತ್ತ ಬಂದರು. ರಿಲೇಗಳ ಜಾಗದಲ್ಲಿ ಕಾರ್ಖಾನೆಗಳಲ್ಲಿ ಬಳಸುವ ಕಾರ್ಯಸೂಚಿ-ನಿಯಂತ್ರಕಗಳನ್ನು ಕೂರಿಸಿದರು. ಸುರಂಗದ ಒಳಗೆ ವಿಕಿರಣವನ್ನು ತಾಳುವ ಸರಳ ಸ್ವಿಚ್ಚುಗಳನ್ನಷ್ಟೇ ಇರಿಸಿ, ಸೂಕ್ಷ್ಮವಾದುದನ್ನು ಹೊರಗಿಟ್ಟರು. ಯಾವ ಕಾಂತ ಬಿಸಿಯಾಯಿತೆಂಬುದು ಇಂಥ ವ್ಯವಸ್ಥೆಯಲ್ಲಿ ಕೂತಲ್ಲಿಯೇ ತಿಳಿಯುತ್ತದೆ. ಹಿಂದಿನ ರೀತಿಯಲ್ಲಿ ಅದಕ್ಕಾಗಿ ಸುರಂಗದುದ್ದಕ್ಕೂ ಹುಡುಕಬೇಕಾಗುತ್ತಿತ್ತು.

ಇದಕ್ಕೆ ಆಕ್ಷೇಪಣೆಯೊಂದುಂಟು, ಅದು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಹಳೆಯದು ಇಷ್ಟು ಕಾಲ ಕಾಯ್ದಿದೆಯಲ್ಲ, ಅದನ್ನು ಏಕೆ ಮುಟ್ಟಬೇಕು? ಹೊಸದೇ ಹೊಸ ದೋಷವನ್ನು ತಂದರೆ? ಈ ಭಯಕ್ಕೆ ಆಧಾರವಿದೆ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಥೆರಾಕ್-25 ಎಂಬ ಕಿರಣಚಿಕಿತ್ಸಾ ಯಂತ್ರದಿಂದ ಆರು ಮಂದಿ ರೋಗಿಗಳ ಮೇಲೆ ಮಿತಿಮೀರಿದ ಕಿರಣ ಬಿದ್ದು, ಅವರಲ್ಲಿ ಕೆಲವರು ಅಸುನೀಗಿದರು. ಅದರ ಹಿಂದಿನ ಮಾದರಿಯಲ್ಲಿದ್ದ ಪ್ರತ್ಯಕ್ಷ ತಡೆಗಳನ್ನು ಹೊಸ ಮಾದರಿಯಲ್ಲಿ ಕೈಬಿಟ್ಟು, ಕಂಪ್ಯೂಟರಿನ ಲಿಖಿತ ಆದೇಶಗಳನ್ನೇ ನೆಚ್ಚಿದ್ದರು. ಆ ಆದೇಶಗಳಲ್ಲಿ ತಪ್ಪುಗಳಿದ್ದವು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ಜೀರ್ಣೋದ್ಧಾರವೆಂದರೆ ಹಳೆಯದನ್ನು ಕೆಡವಿ ಹೊಸದಕ್ಕೆ ಮರುಳಾಗುವುದೆಂದು ತಿಳಿದವರಿಗೆ ಇದು ಕಹಿಯಾದ ಪಾಠ. ಹಳೆಯ ಕಾವಲು ಏನನ್ನು ಕಾಯುತ್ತಿತ್ತೆಂಬುದನ್ನು ಪೂರ್ತಿ ಅರಿಯದೆ ಅದನ್ನು ತೆಗೆಯಲಾಗದು. ಹೊಸದನ್ನು ಕೊಂಡಿಕೊಂಡಿಯಾಗಿ ಪರೀಕ್ಷಿಸದೆ ನಂಬಲಾಗದು. ಬೇಕೆಂದೇ ಒಂದೊಂದು ಸ್ವಿಚ್ಚನ್ನೂ ಬಿಡಿಸಿ ನೋಡಿ, ಯಂತ್ರ ನಿಲ್ಲುತ್ತದೆಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಚಾಲನೆ ಕೊಡಬೇಕು. ಇಷ್ಟು ಎಚ್ಚರ ವಹಿಸಿದರೆ ಆಕ್ಷೇಪಣೆಗೆ ಸಮಾಧಾನ ದೊರೆಯಿತು. ಏಕೆಂದರೆ ಮುಟ್ಟದೆ ಬಿಟ್ಟ ಮಾತ್ರಕ್ಕೆ ಮುಪ್ಪು ನಿಲ್ಲುವುದಿಲ್ಲ.

ಮುಟ್ಟದೆ, ನೋಡದೆ ಬಿಟ್ಟ ಒಂದೇ ಒಂದು ಎಡೆಯಿಂದ ಏನಾಗಬಹುದೆಂಬುದನ್ನೂ ಅದೇ ಸರ್ನ್ ಕಂಡಿದೆ. ಸುಮಾರು 27 ಕಿಲೋಮೀಟರ್ ಸುತ್ತಳತೆಯ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ 2008ರ ಸೆಪ್ಟೆಂಬರ್ 10ರಂದು ಮೊದಲ ಕಣಪುಂಜವನ್ನು ಸುತ್ತಿಸಿತು, ಜಗತ್ತೆಲ್ಲ ಹರ್ಷಿಸಿತು. ಅದರ 1232 ಮುಖ್ಯ ಬಾಗುಕಾಂತಗಳು ತಾಮ್ರದ ಕಾಂತಗಳಂತಲ್ಲ. ಸೊನ್ನೆಗಿಂತ ಕೆಳಗೆ 271 ಡಿಗ್ರಿಯ ಮಹಾಶೈತ್ಯದಲ್ಲಿ ದ್ರವ ಹೀಲಿಯಮ್ಮಿನಲ್ಲಿ ಮುಳುಗಿ, ತಡೆಯಿಲ್ಲದೆ ವಿದ್ಯುತ್ತನ್ನು ಹರಿಸುವಂಥವು. ಒಂಬತ್ತೇ ದಿನಗಳ ಬಳಿಕ, ಸೆಪ್ಟೆಂಬರ್ 19ರಂದು, ಎರಡು ಕಾಂತಗಳ ನಡುವಣ ಬೆಸುಗೆಯೊಂದು ಬಿಸಿಯಾಗಿ, ಕಿಡಿ ಹಾರಿ, ಹೀಲಿಯಮ್ಮಿನ ಪಾತ್ರೆ ಒಡೆಯಿತು. ಟನ್ನುಗಟ್ಟಲೆ ಹೀಲಿಯಮ್ ನುಗ್ಗಿದ ರಭಸಕ್ಕೆ ಹತ್ತಾರು ಟನ್ ತೂಕದ ಕಾಂತಗಳು ಪೀಠದಿಂದ ಕದಲಿದವು. 53 ಕಾಂತಗಳನ್ನು ಮೇಲಕ್ಕೆ ಸಾಗಿಸಿ ದುರಸ್ತಿ ಮಾಡಬೇಕಾಯಿತು. ಕಣಪುಂಜ ಮತ್ತೆ ಸುತ್ತಿದ್ದು 2009ರ ನವೆಂಬರಿನಲ್ಲಿ. ಕಾಂತಗಳಿಗೆ ಕಾವಲಿರಲಿಲ್ಲವೆಂದಲ್ಲ. ಕಾಂತಗಳ ಸುರುಳಿಗೆ ಬಿಗಿಯಾದ ಕಾವಲಿತ್ತು. ಅವುಗಳನ್ನು ಕೂಡಿಸುವ ಬೆಸುಗೆಯಲ್ಲಿ ಹುಟ್ಟುವ ಅತಿ ಸಣ್ಣ ತಡೆಯನ್ನು ಹೊತ್ತಿಗೆ ಮುಂಚೆ ಅರಿಯುವಷ್ಟು ಕಿವಿ ಆ ಕಾವಲಿಗೆ ಇರಲಿಲ್ಲ. ಮುಂದೆ ರಕ್ಷಣಾ ವ್ಯವಸ್ಥೆಗೆ ಆ ಸೂಕ್ಷ್ಮತೆಯನ್ನು ಸೇರಿಸಿದರು. ಹಲವು ವರ್ಷ ಯಂತ್ರವನ್ನು ಅರೆಶಕ್ತಿಯಲ್ಲಿಯೇ ಓಡಿಸಿ, 2013ರಿಂದ 2015ರವರೆಗೆ ನಿಲ್ಲಿಸಿ, ಹತ್ತು ಸಾವಿರಕ್ಕೂ ಮಿಕ್ಕ ಬೆಸುಗೆಗಳನ್ನು ಭದ್ರಪಡಿಸಿದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನೆನಪಾದರೂ, ಹಾಕಿದ ಬಾಗಿಲು ಭದ್ರವಾಗಿತ್ತೆಂಬುದನ್ನು ಒಪ್ಪಬೇಕು.

ಇದೆಲ್ಲ ಏಳು ಸಮುದ್ರದಾಚೆಯ ಕಥೆಯೆಂದು ತಳ್ಳುವಂತಿಲ್ಲ. 1996ರಲ್ಲಿ ಭಾರತದ ಅಣುಶಕ್ತಿ ಇಲಾಖೆಯು ಈ ಕೊಲೈಡರಿನ ನಿರ್ಮಾಣದಲ್ಲಿ ಪಾಲ್ಗೊಳ್ಳಲು ಒಡಂಬಡಿಕೆ ಮಾಡಿಕೊಂಡಿತು. ಆ ಭಾರಿ ಕಾಂತಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ನೆಲೆಗೊಳಿಸುವ ಏಳು ಸಾವಿರದಷ್ಟು ಜ್ಯಾಕುಗಳು ಭಾರತದಿಂದ ಹೋದವು. ಅವನ್ನು ತಯಾರಿಸಿದ ಎರಡು ಕಡೆಗಳಲ್ಲಿ ಬೆಂಗಳೂರು ಒಂದು. ಕಾಂತದ ಒಂದೆಡೆ ಶೈತ್ಯ ಕೆಟ್ಟರೆ ಆ ಬಿಸಿಯನ್ನು ಇಡೀ ಸುರುಳಿಗೆ ಹಂಚಿ ಕಾಂತವನ್ನು ಉಳಿಸುವ ವಿದ್ಯುತ್ ಸಾಧನಗಳನ್ನೂ ಐದು ಸಾವಿರಕ್ಕೆ ಮಿಗಿಲಾಗಿ ಭಾರತವೇ ಒದಗಿಸಿತು. 2017ರಲ್ಲಿ ಭಾರತ ಆ ಸಂಸ್ಥೆಯ ಸಹ ಸದಸ್ಯ ರಾಷ್ಟ್ರವಾಯಿತು. 2012ರ ಜುಲೈ 4ರಂದು ಹಿಗ್ಸ್ ಕಣದ ವಾರ್ತೆ ಹೊರಬಿದ್ದಾಗ ಸಿದ್ಧಾಂತಿಗಳ ಹೆಸರು ಮೊಳಗಿತು. ಜ್ಯಾಕಿನ ತಿರುಪನ್ನು ಕಡೆದವನ, ರಕ್ಷಣಾ ಪೆಟ್ಟಿಗೆಯ ಬೆಸುಗೆ ಹಾಕಿದವಳ ಹೆಸರನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಅವರ ಕೆಲಸ ತಪ್ಪಲಿಲ್ಲವೆಂಬುದರಲ್ಲಿಯೇ ಅವರ ಹಿರಿಮೆಯಿದೆ. ಕ್ಷೇಮದ ಕೆಲಸ ಸಫಲವಾದಾಗ ಏನೂ ಆಗುವುದಿಲ್ಲ. ಏನೂ ಆಗದುದಕ್ಕೆ ಹಾರ ಹಾಕುವ ರೂಢಿ ಲೋಕದಲ್ಲಿ ಇಲ್ಲ.

ರೂಢಿಯಿಲ್ಲವೆಂದರೆ ಪೂರ್ಣ ಸತ್ಯವಾಗದು. ಒಂದು ಕಾಲಕ್ಕೆ ಇತ್ತು. ಕನ್ನಡನಾಡಿನ ದಾನಶಾಸನಗಳ ಕೊನೆಯಲ್ಲಿ ಬರುವ ಶ್ಲೋಕಗಳನ್ನು ಓದಿದವರು ಬಲ್ಲರು. ದಾನ ಮಾಡುವುದು, ಮಾಡಿದ ದಾನವನ್ನು ಪಾಲಿಸುವುದು ಇವೆರಡನ್ನೂ ತೂಗಿ, ಪಾಲನೆಯೇ ಮಿಗಿಲೆಂದು ಅವು ಸಾರುತ್ತವೆ. ತನ್ನ ಹೆಸರನ್ನು ಕಲ್ಲಿನಲ್ಲಿ ಕೊರೆಸುವ ದಾನಿಯೇ ಆ ಕಲ್ಲಿನ ಕೊನೆಯಲ್ಲಿ, ಮುಂದೆ ಇದನ್ನು ಕಾಯುವವನು ತನಗಿಂತ ದೊಡ್ಡವನೆಂದು ಬರೆಸಿದನು. ಕೆರೆಯ ಹೂಳೆತ್ತಿಸುವುದಕ್ಕೆ, ದೇಗುಲದ ಬಿರುಕು ಮುಚ್ಚುವುದಕ್ಕೆ ಪ್ರತ್ಯೇಕವಾಗಿ ಭೂಮಿ ಬಿಟ್ಟವರೂ ಉಂಟು. ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತು ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಆ ಕಾಲದವರ ದೂರದೃಷ್ಟಿಗೆ ನಿದರ್ಶನ.

ವಿದ್ಯಾಸಂಸ್ಥೆಗಳ ಹಿತೈಷಿಗಳು ಈ ದೃಷ್ಟಿಯನ್ನು ಮರಳಿ ತಂದುಕೊಳ್ಳುವುದು ಉಚಿತ. ಗ್ರಾಮಾಂತರದ ಶಾಲೆಗಳಲ್ಲಿ ಹೊಸ ಕೊಠಡಿಗೆ ದಾನಿಗಳು ದೊರೆಯುತ್ತಾರೆ. ಹಳೆಯ ಕೊಠಡಿಯ ಸೋರುವ ಸೂರಿಗೆ ದೊರೆಯುವುದು ಕಷ್ಟ. ಪ್ರಯೋಗಾಲಯಕ್ಕೆ ಉಪಕರಣ ಬರುತ್ತದೆ. ಅದರ ವಿದ್ಯುತ್ ಸಂಪರ್ಕಕ್ಕೆ ಭೂಸಂಪರ್ಕದ ತಂತಿ ಸರಿಯಿದೆಯೇ, ಫ್ಯೂಸಿನ ಜಾಗದಲ್ಲಿ ಯಾರೋ ದಪ್ಪ ತಂತಿಯನ್ನು ಸುತ್ತಿಟ್ಟಿದ್ದಾರೆಯೇ ಎಂದು ನೋಡುವವರು ವಿರಳ. ಫ್ಯೂಸಿನ ತೆಳು ತಂತಿಯೇ ಬಡವನ ಇಂಟರ್‌ಲಾಕ್. ತಾನು ಸುಟ್ಟು ಮನೆಯನ್ನು ಉಳಿಸುವಂಥದು. ಮತ್ತೆ ಮತ್ತೆ ಸುಡುತ್ತದೆಂಬ ಬೇಸರದಿಂದ ಅದರ ಜಾಗಕ್ಕೆ ದಪ್ಪ ತಂತಿ ಹಾಕುವವನು ಎಚ್ಚರಿಸುವ ನಾಯಿಯ ಬಾಯನ್ನು ಕಟ್ಟಿದಂತೆ. ನೀರಿನ ತೊಟ್ಟಿಯ ಮುಚ್ಚಳ, ಮಹಡಿಯ ಕಟಾಂಜನ, ಬೆಂಕಿ ಆರಿಸುವ ಸಿಲಿಂಡರಿನ ಅವಧಿ, ಇವು ಯಾವುವೂ ಭಾಷಣದ ವಸ್ತುಗಳಾಗವು. ಆದರೆ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಒಪ್ಪಿಸುವುದು ಇವುಗಳ ಭರವಸೆಯ ಮೇಲೆಯೇ.

ಮಾಡಬಹುದಾದುದು ಬಹಳವೇನಿಲ್ಲ. ಪ್ರತಿಯೊಂದು ದತ್ತಿಯಲ್ಲಿಯೂ ಒಂದು ಪಾಲನ್ನು ಕ್ಷೇಮನಿಧಿಯೆಂದು ತೆಗೆದಿಡಬೇಕು. ಕಟ್ಟಡವನ್ನು ಕೊಡುವವರು ಅದರ ಪಾಲನೆಯನ್ನೂ ಕೊಟ್ಟಂತಾಗುತ್ತದೆ. ಬೇಸಗೆಯ ರಜೆಯು ಶಾಲೆಯ ದೀರ್ಘ ವಿರಾಮ. ಮಳೆಗಾಲಕ್ಕೆ ಮುಂಚೆ ಆ ವಿರಾಮದಲ್ಲಿ ಸೂರಿನಿಂದ ಸ್ವಿಚ್ಚಿನವರೆಗೆ ಎಲ್ಲವನ್ನೂ ಪರೀಕ್ಷಿಸಿ, ಕಂಡ ದೋಷವನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದಾರೆ, ವಿದ್ಯುತ್ ಕೆಲಸ ಬಲ್ಲವರಿದ್ದಾರೆ, ಗಾರೆ ಕೆಲಸದವರಿದ್ದಾರೆ; ವರ್ಷಕ್ಕೊಂದು ದಿನವನ್ನು ಅವರು ಈ ಪರೀಕ್ಷೆಗೆ ಕೊಟ್ಟರೆ ಅದು ಹಣಕ್ಕಿಂತ ದೊಡ್ಡ ದಾನ. ವಿಜ್ಞಾನದ ಉಪಾಧ್ಯಾಯರು ಮಕ್ಕಳನ್ನು ಮಾರ್ಕೋನಹಳ್ಳಿಗೆ ಕರೆದೊಯ್ದು ಸೈಫನ್ನನ್ನು ತೋರಿಸಲಿ. ಅಲ್ಲಿ ನಿಂತೇ ಜಿನೀವಾದ ಸುರಂಗದ ಕಥೆಯನ್ನೂ ಹೇಳಲಿ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಹೊಸದನ್ನು ಕಟ್ಟಿಸಿದವರೊಡನೆ, ಗಂಟೆ ಬಾರಿಸುತ್ತ, ಬಾಗಿಲು ಹಾಕುತ್ತ, ನಲ್ಲಿ ತಿರುಗಿಸುತ್ತ ಮೂವತ್ತು ವರ್ಷ ಕಳೆದ ಜವಾನನಿಗೂ ಒಂದು ಶಾಲು ದೊರೆಯಲಿ.

ಕೆರೆಯನ್ನು ಕಟ್ಟಿಸಿದವನ ಹೆಸರು ಕಲ್ಲಿನಲ್ಲಿದೆ. ಅದರ ಕೋಡಿಯನ್ನು ನೂರಾರು ಮಳೆಗಾಲ ಕಾಯ್ದವರ ಹೆಸರು ಎಲ್ಲಿಯೂ ಇಲ್ಲ. ಆದರೆ ಕೆರೆಯ ಕೆಳಗೆ ಊರು ಇನ್ನೂ ಇದೆ.