ಅತಿಥಿಗಳ ಬಂಗಲೆ, ಕುಟುಂಬದ ಗುತ್ತು
ಪುತ್ತೂರು: ಹಳೆಯ ಗುತ್ತಿನ ಮನೆಗಳನ್ನು ಹೋಂಸ್ಟೇ ಮಾಡಬಯಸುವವರಿಗೆ ಕಬಿನಿಯೊಂದು ಮಾದರಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ ಮೈಸೂರು ಅರಸರ ಕಾಲದ ಬೇಟೆ ಬಂಗಲೆಗಳಿರುವ ತಾಣವನ್ನು ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್ ಸಂಸ್ಥೆ ಪ್ರವಾಸಿಗರ ವಾಸ್ತವ್ಯಕ್ಕೆ ನೀಡುತ್ತಿದೆ. (1974ರಲ್ಲಿ ಅಣೆಕಟ್ಟು ಪೂರ್ಣಗೊಂಡ ಮೇಲಷ್ಟೇ ಅವು ಜಲಾಶಯದ ದಂಡೆಯ ಬಂಗಲೆಗಳಾದವು.)

ಹೋಲಿಕೆ ಇಷ್ಟಕ್ಕೇ ನಿಲ್ಲುತ್ತದೆ. ಬೇಟೆ ಬಂಗಲೆ ಮೊದಲಿನಿಂದಲೂ ಅತಿಥಿಗಳದ್ದೇ. ಪುತ್ತೂರು, ಸುಳ್ಯ, ಕಡಬದ ಗುತ್ತುಗಳಲ್ಲಿ ದೈವದ ಚಾವಡಿಯಿದೆ, ವರ್ಷಾವಧಿ ನೇಮವಿದೆ. ಪಾಲಾಗದ ಅಳಿಯಸಂತಾನ ಮನೆಯಾದರೆ ಹಕ್ಕು ಊರಿನಲ್ಲುಳಿದ ಒಬ್ಬರದ್ದಲ್ಲ. ಮುಂಬಯಿ, ಬೆಂಗಳೂರಿನಲ್ಲಿ ನೆಲೆಸಿದ ಕವಲುಗಳದ್ದೂ ಹೌದು. ಮಳೆಗಾಲಕ್ಕೆ ಮುನ್ನ ಹಂಚು ಕೈಯಾಡಿಸುವ ಖರ್ಚು ಮಾತ್ರ ಹೆಚ್ಚಾಗಿ ಮನೆಯಲ್ಲಿರುವವರ ತಲೆಗೇ. ಬಾಡಿಗೆಯ ಯೋಚನೆ ಹುಟ್ಟುವುದು ಅಲ್ಲಿಂದ. ಕವಲುಗಳ ಲಿಖಿತ ಒಪ್ಪಿಗೆ ಪಡೆಯದೆ ಫಲಕ ತೂಗಿದರೆ, ಮೊದಲ ಅತಿಥಿಗಿಂತ ಮುಂಚೆ ವಕೀಲರ ನೋಟಿಸು ಬಂದೀತು.