ಹಳೆಯ ವಿದ್ಯಾರ್ಥಿಗಳ ಸುದ್ದಿಯಲ್ಲಿ ಯಾದಗಿರಿ ಎಲ್ಲಿದೆ?



ಕಲಬುರಗಿಯ ಪಿ.ಡಿ.ಎ. ಇಂಜಿನಿಯರಿಂಗ್ ಕಾಲೇಜಿನಲ್ಲಿ ಜೊತೆಗೆ ಓದಿದ ನಾವು ಕೆಲವರು ಆಗಾಗ ಸೇರುತ್ತೇವೆ. ಸೇರಿದಾಗಲೆಲ್ಲ ಗೆಳೆಯರೇ ತಯಾರಿಸಿದ ಒಂದು ಸುದ್ದಿಪಟ್ಟಿ ಕೈಗೆ ಬರುತ್ತದೆ. ಯಾರು ಚೀಫ್ ಇಂಜಿನಿಯರ್ ಆಗಿ ನಿವೃತ್ತರಾದರು, ಯಾರು ಸ್ವಂತ ಕಂಪನಿ ತೆಗೆದರು, ಯಾರ ಮಗ ಅಮೆರಿಕದಲ್ಲಿ ಮನೆ ಕೊಂಡ, ಯಾರ ಮಗಳ ಲಗ್ನ ಎಲ್ಲಾಯಿತು, ಯಾರಿಗೆ ಮೊಮ್ಮಗು, ಯಾರು ಲಿಂಗೈಕ್ಯರಾದರು. ಲಿಂಗೈಕ್ಯರಾದವರ ಹೆಸರು ಕೊನೆಯ ಪುಟದಲ್ಲಿರುತ್ತವೆ. ನಾನು ಅಲ್ಲಿಂದಲೇ ಓದಲು ಶುರು ಮಾಡುತ್ತೇನೆ. ಅರವತ್ತು ದಾಟಿದವರೆಲ್ಲ ಹಾಗೇ ಓದುತ್ತಾರೆಂದು ಕಾಣುತ್ತದೆ.

ಇಂಥ ಪಟ್ಟಿ ಬೇಡವೆನ್ನುವವನು ನಾನಲ್ಲ. ನಮ್ಮ ಭಾಗದಲ್ಲಿ ಇಂಜಿನಿಯರ್ ಆದವನ ಹೆಸರು ಅಚ್ಚಾಗುವುದೇ ಒಂದು ಕಾಲದಲ್ಲಿ ದೊಡ್ಡ ಸುದ್ದಿ. ನಿಜಾಮರ ಆಳ್ವಿಕೆಯಲ್ಲಿ ಇಂಜಿನಿಯರಿಂಗ್ ಓದಬೇಕೆಂದರೆ ಹೈದರಾಬಾದಿನ ಉಸ್ಮಾನಿಯಾಕ್ಕೆ ಹೋಗಬೇಕಿತ್ತು, ಅಲ್ಲಿ ಪಾಠ ಉರ್ದುವಿನಲ್ಲಿ. ಇಲ್ಲವೇ ಪುಣೆ, ಆಮೇಲೆ ಹುಬ್ಬಳ್ಳಿ. ಕೃಷ್ಣೆ ಭೀಮೆಯರ ನಡುವಿನ ರೈತರ ಮಕ್ಕಳಿಗೆ ಅವೆಲ್ಲ ಪರದೇಶವೇ. 1958ರಲ್ಲಿ ಮಹಾದೇವಪ್ಪ ರಾಂಪುರೆಯವರ ಮುಂದಾಳತ್ವದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ನಮ್ಮ ಕಾಲೇಜೂ ಶುರುವಾಯಿತು. ಐದು ವರ್ಷಕ್ಕೆ ಮೆಡಿಕಲ್ ಕಾಲೇಜೂ ಬಂತು. ನಮ್ಮ ಕಾಲೇಜು ಹೊತ್ತಿರುವುದು ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪನವರ ಹೆಸರನ್ನು. ನಿಜಾಮರ ಕಾಲದಲ್ಲೇ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು ಅವರು. ಹೀಗೆ ನಾವು ಪಡೆದ ಡಿಗ್ರಿಯ ಹಿಂದೆ ಅಪ್ಪ ಕಟ್ಟಿದ ಫೀಜು ಮಾತ್ರವಲ್ಲ, ಸಮಾಜದ ದಾಸೋಹವೂ ಇದೆ. ಹಾಸ್ಟೆಲಿನ ಊಟ, ಮಠದ ಪ್ರಸಾದ ಉಂಡು ಪಾಸಾದವರು ನಮ್ಮಲ್ಲಿ ಕಡಿಮೆಯೇನಲ್ಲ.

ಆ ದಾಸೋಹ ಏನಾಗಿ ತಿರುಗಿ ಬಂತು ಎಂಬುದನ್ನು ನಮ್ಮ ಪಟ್ಟಿ ಹೇಳುವುದೇ ಇಲ್ಲ. ನನ್ನ ತಕರಾರು ಇದೊಂದೇ.

ಕೃಷ್ಣಾ ಮೇಲ್ದಂಡೆ ಯೋಜನೆಯನ್ನೇ ನೋಡಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 1982ರ ಹೊತ್ತಿಗೆ ನಾರಾಯಣಪುರದ ಬಸವಸಾಗರ ಮುಗಿಯಿತು. ಅಲ್ಲಿಂದ ಹೊರಟ ಎಡದಂಡೆ ಕಾಲುವೆಯೇ ಸುರಪುರ, ಶಹಾಪುರದ ಕಪ್ಪು ನೆಲಕ್ಕೆ ನೀರು ತಂದದ್ದು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್ಸ್, ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್. ಅದರ ಆಧುನೀಕರಣದ ಉದ್ಘಾಟನೆಗೆ 2023ರ ಜನವರಿ 19ರಂದು ಪ್ರಧಾನಿಯವರೇ ಕೊಡೇಕಲ್‌ಗೆ ಬಂದರು. ಪತ್ರಿಕೆಗಳ ತುಂಬ ಫೋಟೋ. ಆದರೆ ಭೀಮರಾಯನಗುಡಿಯ ಕ್ವಾರ್ಟರ್ಸ್‌ನಲ್ಲಿ ವರ್ಷಗಟ್ಟಲೆ ಇದ್ದು, ರಾತ್ರಿ ಟಾರ್ಚ್ ಹಿಡಿದು ಗೇಟು ಕಾಯ್ದು, ವಾರಾಬಂದಿ ಮುರಿಯುವವರ ಜೊತೆ ಜಗಳಾಡಿ, ಕಾಲುವೆಯ ಕೊನೆಯಂಚಿನ ಹೊಲಕ್ಕೂ ನೀರು ಮುಟ್ಟಿಸಿದ ಸೆಕ್ಷನ್ ಆಫೀಸರನ ಸುದ್ದಿ ಯಾವ ಪಟ್ಟಿಯಲ್ಲಿದೆ? ಅವನಿಗೆ ಪ್ರಮೋಷನ್ ಸಿಗಲಿಲ್ಲ, ಮಗ ಅಮೆರಿಕಕ್ಕೆ ಹೋಗಲಿಲ್ಲ. ಹಾಗಾಗಿ ಅವನು ಸುದ್ದಿಯಲ್ಲ. ನೀರಾವರಿಯಲ್ಲಿ ದುಡಿದ ನನಗೆ ಗೊತ್ತು, ಕೊನೆಯ ಹೊಲಕ್ಕೆ ನೀರು ಹೋಗಲಿಲ್ಲವೆಂದರೆ ಅಣೆಕಟ್ಟಿನ ಎತ್ತರ ಎಷ್ಟಿದ್ದರೇನು?

ಇನ್ನೊಂದು ಮಾತು. ನಮ್ಮವರು ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಿಸುತ್ತಾರೆ, ಸಂತೋಷವೇ. ಅಂಥ ಕಟ್ಟಡಗಳಿಗೆ ಬುಟ್ಟಿ ಹೊರುವವರಲ್ಲಿ ಎಷ್ಟೋ ಮಂದಿ ಯಾದಗಿರಿ, ಶಹಾಪುರ, ಸುರಪುರದ ಹಳ್ಳಿ, ತಾಂಡಾಗಳಿಂದ ಗುಳೆ ಹೋದವರು. ಅವರ ಹಿಂದೆಯೇ ಮಕ್ಕಳ ಶಾಲೆಯೂ ತಪ್ಪುತ್ತದೆ. 2023ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಕೊನೆಯ ಸ್ಥಾನ ಯಾದಗಿರಿ ಜಿಲ್ಲೆಗೆ, 2024ರಲ್ಲೂ ನಮಗೇ. ಆ ಸಲ ಪಾಸಾದವರು ನೂರಕ್ಕೆ ಐವತ್ತರಷ್ಟು. ಸಂವಿಧಾನದ 371(ಜೆ) ಕಲಂ ಬಂದಮೇಲೆ ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ನಮ್ಮ ಮಕ್ಕಳಿಗೆಂದೇ ಇದೆ, ಹೊರಗಿನ ಕಾಲೇಜುಗಳಲ್ಲಿ ಶೇ. 8. ಸರ್ಕಾರ ಸೀಟು ಕೊಡಬಹುದು. ಹತ್ತನೆಯ ತರಗತಿಯಲ್ಲೇ ಗಣಿತದಲ್ಲಿ ನಪಾಸಾದ ಹುಡುಗನಿಗೆ ಆ ಸೀಟಿನಿಂದ ಏನು ಬಂತು? ಕನ್ನಡ ಮಾಧ್ಯಮದಲ್ಲಿ ಓದಿ ಹೇಗೋ ಸೀಟು ಹಿಡಿದವನೂ ಮೊದಲ ಸೆಮಿಸ್ಟರಿನಲ್ಲೇ ಕಂಗೆಟ್ಟು ಕೂಡುತ್ತಾನೆ. ಅವನ ಮನೆಯಲ್ಲಿ ಕೇಳಲು ಯಾರೂ ಇಲ್ಲ. ನಮ್ಮ ಪಟ್ಟಿಯಲ್ಲಿ ಮಾತ್ರ ಹೇಳಿಕೊಡಬಲ್ಲ ಹಿರಿಯರು ಪುಟಗಟ್ಟಲೆ ಇದ್ದಾರೆ!

ಲಗ್ನದ ಸುದ್ದಿಯ ಬಗ್ಗೆಯೂ ಒಂದು ಮಾತು ಹೇಳದೆ ಬಿಡಲಾರೆ. ವರ ಇಂಜಿನಿಯರ್, ವಧು ಇಂಜಿನಿಯರ್, ಆದರೂ ಒಳಪಂಗಡ ನೋಡಿಯೇ ಸಂಬಂಧ. ಡಿಗ್ರಿಗೆ ತಕ್ಕಂತೆ ವರದಕ್ಷಿಣೆಯ ರೇಟು ಏರಿದ್ದೂ ಎಲ್ಲರಿಗೂ ಗೊತ್ತಿದ್ದದ್ದೇ. ವರದಕ್ಷಿಣೆಯಿಲ್ಲದೆ, ಒಳಪಂಗಡ ಕೇಳದೆ ಆದ ಲಗ್ನಗಳೂ ನಮ್ಮಲ್ಲಿವೆ. ಅವನ್ನೂ ಮಾಮೂಲು ಲಗ್ನದ ಹಾಗೆ ಒಂದೇ ಸಾಲಿನಲ್ಲಿ ಮುಗಿಸುತ್ತೇವೆ. ಮುಂದಿನ ಸಲ ನಾಲ್ಕು ಸಾಲು ಬರೆಯಿರಿ. ಹೆಣ್ಣುಮಕ್ಕಳ ಹೆಸರನ್ನು 'ಇಂಥವರ ಸೊಸೆ' ಎಂದು ಬರೆಯುವುದನ್ನೂ ಬಿಡಿ, ಅವರೂ ಅದೇ ಕಾಲೇಜಿನಲ್ಲಿ ಓದಿದವರು.

ಸಭೆಯಲ್ಲಿ ನಾನಿಟ್ಟ ಸೂಚನೆ ಸಣ್ಣದು, ಖರ್ಚಿನದೂ ಅಲ್ಲ. ಪಟ್ಟಿಯನ್ನು ಬ್ಯಾಚಿನ ಪ್ರಕಾರ ಮಾಡುವ ಜೊತೆಗೆ ತಾಲೂಕಿನ ಪ್ರಕಾರವೂ ಮಾಡೋಣ. ಹೆಸರಿನ ಮುಂದೆ ಹುದ್ದೆಯ ಬದಲು ಏನು ಕಲಿಸಬಲ್ಲರು, ಯಾವ ದಿನ ಸಿಗುತ್ತಾರೆ ಎಂದಿರಲಿ. ದೂರದಲ್ಲಿರುವವರು ಫೋನಿನಲ್ಲಿ ಸಿಕ್ಕರೂ ಸಾಕು. ಒಂದೊಂದು ಪ್ರತಿ ಮಠದ ಹಾಸ್ಟೆಲಿನ ಗೋಡೆಗೂ, ಸರ್ಕಾರಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿಗೂ ಹೋಗಲಿ. ಓದಲು ಬರುವ ಮಗು ಯಾವ ಜಾತಿಯದೆಂದು ಯಾರೂ ಕೇಳಬಾರದು. ಪುರವಂತರಾದ ಗೆಳೆಯರು ಪುಸ್ತಕ, ಪ್ರಸಾದದ ಖರ್ಚು ನೋಡಿಕೊಳ್ಳಲಿ. ಬೇರೆ ಕಾಲೇಜಿನಲ್ಲಿ ಓದಿದ ಇಂಜಿನಿಯರ್, ಡಾಕ್ಟರ್, ಮಾಸ್ತರರು ಈ ಪತ್ರಿಕೆಯ ಓದುಗರಲ್ಲಿ ಬೇಕಾದಷ್ಟು ಮಂದಿ ಇದ್ದೀರಿ, ನೀವೂ ಬರೆದು ಕಳಿಸಿ. ನನ್ನದನ್ನು ಈಗಲೇ ಬರೆದುಕೊಳ್ಳಿ: ಶಹಾಪುರ ತಾಲೂಕು, ಗಣಿತ, ಭಾನುವಾರ ಮುಂಜಾನೆ.